ಅವ್ವನ ಪುಸ್ತಕ ಜೋಡಿಸಿದ ಕಾಕಾ

ಕುರ್ಚಿಯಲ್ಲಿ ಕೂತರೆ ಕಾಕಾರ ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಅದರ ಜೊತೆಗೆ ಕಂಪ್ಯೂಟರ್ ಇಟ್ಟ ಟೇಬಲ್ಲು, ಅದರ ಮೇಲಿನ ಚಹಾದ ಗ್ಲಾಸು, ಟೇಬಲ್ಲಿಗೆ ತಾಗಿಸಿ ಹಾಕಿದ ಬೆಂಚು, ಬೆಂಚಿನ ಮೇಲೆ ಕೂತ ಗಿರಾಕಿಗಳು, ಎಲ್ಲರೂ ಸಣ್ಣಗೆ ನಡುಗುತ್ತಿದ್ದೆವು. ಮೊದಲ ಸಲ ಹೋದಾಗ ಹೊರಗೆ ಲಾರಿಯೊಂದು ಇಂಜಿನ್ ಬಂದ್ ಮಾಡದೆ ನಿಂತಿದೆ ಎಂದುಕೊಂಡಿದ್ದೆ. ಬಸವಕಲ್ಯಾಣದಲ್ಲಿ ಲಾರಿಗಳಿಗೇನು ಕಡಿಮೆಯೇ. ಹತ್ತು ನಿಮಿಷವಾದರೂ ಲಾರಿ ಹೊರಡದಿದ್ದಾಗ ಬಗ್ಗಿ ನೋಡಿದೆ. ಚಪ್ಪಲಿ ಕಳಚಿದ, ಹಿಮ್ಮಡಿ ಒಡೆದ ಒಂದು ಕಾಲು ಟೇಬಲ್ಲಿನ ಕೆಳಗೆ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು.

ಊರವರೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕಕ್ಕೆ ಅವರ ಸ್ಟುಡಿಯೋ. ಒಂದು ಕಾಲಕ್ಕೆ ಮದುವೆಗಳ ಫೋಟೋ ತೆಗೆಯುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಕ್ಯಾಮೆರಾ ಬಿಟ್ಟು ಬರೀ ಆಲ್ಬಮ್ ಜೋಡಿಸುತ್ತಿದ್ದರು. ಹಿಂದಿನ ಹಾಗೆ ಫೋಟೋ ಅಂಟಿಸುವ ಆಲ್ಬಮ್ ಅಲ್ಲ. ಜನ ಹಳೆಯದು ಹೊಸದು ಎಲ್ಲ ಫೋಟೋ ತಂದು ಕೊಡುತ್ತಿದ್ದರು; ಇವರು ಅವನ್ನು ಕಂಪ್ಯೂಟರಿನಲ್ಲಿ ಪುಟಪುಟವಾಗಿ ಹೊಂದಿಸಿ ಹೈದರಾಬಾದಿಗೆ ಕಳಿಸುತ್ತಿದ್ದರು; ಅಲ್ಲಿ ಅಚ್ಚಾಗಿ ದಪ್ಪ ರಟ್ಟಿನ ಪುಸ್ತಕವಾಗಿ ಬಸ್ಸಿನ ಪಾರ್ಸೆಲ್ಲಿನಲ್ಲಿ ವಾಪಸು ಬರುತ್ತಿತ್ತು.

ನಾನು ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹುಟ್ಟಿದ್ದು ಮೋರಖಂಡಿಯಲ್ಲಿ. ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ನನ್ನನ್ನೂ ನನ್ನ ಅಣ್ಣನನ್ನೂ ಓದಿಸಿದರು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಅಲ್ಲೇ ಅಣ್ಣನ ಮನೆಯಲ್ಲಿದ್ದಾಳೆ. ಹೋದ ವರ್ಷ ನೆರೆಮನೆಯವರ ಮದುವೆ ಆಲ್ಬಮ್ ತಿರುವಿ ಹಾಕಿದ ಅವ್ವನಿಗೆ ತನ್ನದೂ ಒಂದು ಇರಬೇಕು ಅನ್ನಿಸಿತು. ಮದುವೆಯದಲ್ಲ, ತನ್ನ ಇಡೀ ಬಾಳಿನದು. ಫೋನ್ ಮಾಡಿ, "ನನ್ನ ಮಂದಿ ಎಲ್ಲಾ ಅದರಾಗ ಇರಬೇಕು ನೋಡು" ಅಂದಳು. ಅವ್ವ ನನ್ನಿಂದ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಬಸವಕಲ್ಯಾಣದ ಸಂತೆಗೆ ಬಂದಾಗ ಬಟ್ಟೆ ಅಂಗಡಿಯ ಒಂದು ಚೀಲದ ತುಂಬ ಫೋಟೋ ತಂದು ನನ್ನ ಕೈಗಿಟ್ಟಳು. ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೊದಲೇ ನನ್ನದು ಕಾಲಿಗೆ ಚಕ್ರ ಕಟ್ಟಿಕೊಂಡ ಸ್ವಭಾವ. ಹಾಲು ಕಾಯಿಸಲು ಇಟ್ಟರೆ ಉಕ್ಕುವ ತನಕ ಮೂರು ಸಲ ಒಳಗೆ ಹೊರಗೆ ಓಡಾಡುವವಳು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಂಗ್ಲಾ ಕ್ರಾಸಿನಲ್ಲಿ ಬಸ್ಸಿಳಿದು, ಟಂಟಂ ಆಟೋ ಹಿಡಿದು ಕಾಕಾರ ಅಂಗಡಿಗೆ ಹೋದೆ. ಚೀಲ ತೆರೆಯುವ ಮೊದಲೇ ಅವರು, "ಮೊದಲ ಕೈ ತೊಳಕೊಂಡ ಬರ್ರಿ ಅಕ್ಕೋರ" ಅಂದರು. ನಮ್ಮ ಕಡೆ ಹೆಣ್ಣು ಟೀಚರುಗಳಿಗೆ ಅಕ್ಕೋರು ಅನ್ನುತ್ತಾರೆ, ಆ ಮಾತಿನಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ. ಆದರೂ ನನಗೆ ಚುರುಕ್ ಅಂದಿತು. ನಮ್ಮ ಓಣಿಯಲ್ಲಿ ಹುಟ್ಟಿದವರ ಕಿವಿಗೆ ಕೈ ತೊಳೆಯಿರಿ ಅನ್ನುವ ಮಾತು ಬೇರೆಯಾಗಿಯೇ ಬೀಳುತ್ತದೆ. ಎದ್ದು ಹೋಗಿಬಿಡಲೇ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಅವರೇ ಹೊರಗೆ ಹೋಗಿ ನಲ್ಲಿಯ ಕೆಳಗೆ ಮೊಣಕೈ ತನಕ ತೊಳೆದು, ಬಿಳಿ ಪಂಚೆಯ ತುಂಡಿನಿಂದ ಬೆರಳೊಂದೊಂದನ್ನೂ ಒರೆಸಿಕೊಂಡು ಬಂದರು. ಬೆವರಿನ ಕೈ ತಾಗಿದರೆ ಹಳೆಯ ಫೋಟೋದ ಮೇಲೆ ಹೊಗೆಯಂಥ ಕಲೆ ಕೂರುತ್ತದಂತೆ. ಅವರ ಅಂಗಡಿಯಲ್ಲಿ ಶಾಸಕರಿಗೂ ಅದೇ ನಲ್ಲಿ, ಅದೇ ಪಂಚೆ. ನಾನು ಹೋಗಿ ತೊಳೆದುಕೊಂಡು ಬಂದೆ.

ಫೋಟೋಗಳನ್ನು ಅಂಚು ಹಿಡಿದು ಒಂದೊಂದೇ ತೆಗೆದು ಟೇಬಲ್ಲಿನ ಮೇಲೆ ಹಾಸಿದರು. ನಾಗಪುರದ ದೀಕ್ಷಾಭೂಮಿಗೆ ಹೋದಾಗ ತೆಗೆಸಿದ್ದು. ಜಯಂತಿಯ ಮೆರವಣಿಗೆಯಲ್ಲಿ ಅವ್ವ ನೀಲಿ ಬಾವುಟ ಹಿಡಿದದ್ದು. ತೊಗರಿ ರಾಶಿಯ ಮುಂದೆ ಅಪ್ಪ, ತಲೆಗೆ ಟವೆಲ್ ಸುತ್ತಿಕೊಂಡು, ಯಾರೋ ಗದರಿಸಿದಂಥ ಮುಖ ಮಾಡಿಕೊಂಡು. ಆ ಟವೆಲ್ ತೆಗೆದು ಅಪ್ಪನಿಗೊಂದು ಕೋಟು ಹಾಕಿ ಎಂದು ನಾನು ಕೇಳಿದೆ. ತೀರಿಹೋದವರ ಫೋಟೋಗೆ ಕೋಟು ಟೈ ತೊಡಿಸುವುದು ನಮ್ಮ ಕಡೆ ಎಲ್ಲ ಸ್ಟುಡಿಯೋದವರೂ ಮಾಡುವ ಕೆಲಸ. ಕಾಕಾ ಕನ್ನಡಕವನ್ನು ಹಣೆಗೇರಿಸಿ, ನಿಮ್ಮ ಅಪ್ಪ ಕೋಟು ಹಾಕುತ್ತಿದ್ದರೇ ಎಂದು ಕೇಳಿದರು. ಇಲ್ಲ ಅಂದೆ. ಹಾಗಾದರೆ ಅವ್ವನಿಗೆ ಗುರುತು ಸಿಗುವುದಿಲ್ಲ ಎಂದು ಫೋಟೋ ಅಲ್ಲೇ ಇಟ್ಟರು. ಹಣೆಗೇರಿಸಿದ ಕನ್ನಡಕವನ್ನು ಆಮೇಲೆ ಎರಡು ನಿಮಿಷ ಟೇಬಲ್ಲಿನ ಮೇಲೆಲ್ಲ ಹುಡುಕಿದರು.

ಕೆಲಸ ಶುರು ಮಾಡುವ ಮೊದಲು ಕಾಕಾ ಎಲ್ಲರಿಗೂ ಮೂರು ಪ್ರಶ್ನೆ ಕೇಳುತ್ತಿದ್ದರು. ಯಾರ್‍ಯಾರು ಇರಲೇಬೇಕು? ಯಾರು ತೀರಿಕೊಂಡಿದ್ದಾರೆ? ಯಾರಿಗೆ ಯಾರ ಜೊತೆ ಮಾತಿಲ್ಲ? ಮೂರನೆಯದು ನನಗೆ ವಿಚಿತ್ರವಾಗಿ ಕಂಡಿತು. ಫೋಟೋ ಜೋಡಿಸುವವರಿಗೆ ಊರ ಜಗಳದ ಉಸಾಬರಿ ಯಾಕೆ? ಅದಕ್ಕೆ ಅವರು ಪಕ್ಕದಲ್ಲಿದ್ದ ಯಾರದೋ ಆಲ್ಬಮ್ ಎತ್ತಿ, ನನ್ನ ಮುಖದ ಮುಂದೆ ತೆರೆದು, ನಿಧಾನವಾಗಿ ಮುಚ್ಚಿದರು.

"ಪುಸ್ತಕ ತೆರದು ಇಡೋದು ಎಷ್ಟೊತ್ತು ಹೇಳ್ರಿ? ಅರ್ಧಾ ತಾಸು. ಮುಚ್ಚಿ ಇಡೋದು ವರ್ಷಗಟ್ಲೆ. ಮುಚ್ಚಿದಾಗ ಈ ಪುಟದ ಮಾರಿ ಆ ಪುಟದ ಮಾರಿಗಿ ಹತ್ತತದ. ಮಾತಿಲ್ಲದವರನ್ನ ಹಂಗ ಕತ್ತಲದಾಗ ಮಾರಿಗಿ ಮಾರಿ ಹಚ್ಚಿ ಇಡಬಾರದ್ರಿ."

ಈ ಬುದ್ಧಿ ಪೆಟ್ಟು ತಿಂದು ಕಲಿತದ್ದು. ಮನ್ನಾಏಖೇಳ್ಳಿಯ ಒಂದು ಮನೆಯ ಆಲ್ಬಮ್ಮಿನಲ್ಲಿ ಅವರು ಇಬ್ಬರು ಖಾಸಾ ಅಣ್ಣತಮ್ಮಂದಿರನ್ನು ಎದುರುಬದುರು ಪುಟದಲ್ಲಿ ಹಾಕಿದ್ದರಂತೆ, ಛಂದ ಕಾಣಲಿ ಎಂದು. ಅವರಿಬ್ಬರೂ ಬದುವಿನ ಜಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು. ಮರುವಾರ ಆಲ್ಬಮ್ ವಾಪಸು ಬಂತು, ಆ ಎರಡು ಪುಟ ಬ್ಲೇಡಿನಿಂದ ಕೊಯ್ದು. ತಂದವಳು ಅವರ ತಾಯಿ. ಬೈಯಲಿಲ್ಲ, ಅಳಲಿಲ್ಲ, ಟೇಬಲ್ಲಿನ ಮೇಲಿಟ್ಟು ಹೋದಳಂತೆ. ಕಾಕಾ ಅದನ್ನು ಎಸೆಯದೆ ಅಲಮಾರಿನಲ್ಲಿ ಇಟ್ಟುಕೊಂಡಿದ್ದರು. ನನಗೂ ತೆಗೆದು ತೋರಿಸಿದರು.

ಅದನ್ನು ನೋಡಿಯೂ ನಾನು ಸುಳ್ಳು ಹೇಳಿದೆ. ನಮ್ಮ ಮನೆಯಲ್ಲಿ ಅಂಥದ್ದೇನಿಲ್ಲ ಕಾಕಾ, ಎಲ್ಲರೂ ಚೆನ್ನಾಗಿದ್ದೇವೆ ಅಂದೆ. ಖರೆ ಏನೆಂದರೆ, ಅಣ್ಣನಿಗೂ ನನಗೂ ಆಗ ಮೂರು ವರ್ಷದಿಂದ ಮಾತಿರಲಿಲ್ಲ.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲ ಮೇಲೆ ಬಾಗಿ ಹೆಸರು ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಗುತ್ತ ಗುದ್ದುತ್ತಾರೆ, ಹಾಗಂತ ಮೆಲ್ಲಗೇನಲ್ಲ. ಅಣ್ಣನಿಗೆ ಮದುವೆಯಾಗಿ ಏಳು ವರ್ಷದ ಮೇಲೆ ಗಂಡು ಹುಟ್ಟಿತು. ನಾನು ಆ ಗುದ್ದಿಗಾಗಿ ಏಳು ವರ್ಷ ಕಾದವಳು. ನಾಮಕರಣದ ದಿನ ಹುಮನಾಬಾದಿನಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಫೋನ್ ಮಾಡಿದೆ. ಅಣ್ಣ, "ನೀ ಬಾ, ನೀ ಬರೋ ತನಕ ಹೆಸರು ಇಡಂಗಿಲ್ಲ" ಅಂದ. ಬೇರೆ ಬಸ್ಸು ಹಿಡಿದು, ಓಡುತ್ತ ಹೋಗಿ ಅಂಗಳಕ್ಕೆ ಕಾಲಿಟ್ಟರೆ ಒಳಗಿನಿಂದ ನಗು, ದಬದಬ ಸದ್ದು. ವೈನಿಯ, ಅಂದರೆ ಅಣ್ಣನ ಹೆಂಡತಿಯ, ತಂಗಿಯ ಬೆನ್ನಿಗೆ ಗುದ್ದುತ್ತಿದ್ದರು. ಊಟಕ್ಕೆ ಜನ ಕೂತಿತ್ತಂತೆ, ಹೊತ್ತಾಗಿತ್ತಂತೆ. ನಾನು ಹೊಸ್ತಿಲು ದಾಟಲಿಲ್ಲ. ಕೂಸಿಗೆಂದು ತಂದ ಬೆಳ್ಳಿ ಕಡಗವನ್ನು ಬಾಗಿಲಲ್ಲಿದ್ದ ಯಾರದೋ ಕೈಗೆ ಕೊಟ್ಟು ತಿರುಗಿ ನಡೆದೆ. ಅಣ್ಣ ಕರೆಯಲಿಲ್ಲ. ಆಮೇಲೆ ಅವನು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅವ್ವನನ್ನು ಸಂತೆಯಲ್ಲಿ ಕಾಣುತ್ತಿದ್ದೆ, ಇಲ್ಲವೇ ಅವಳೇ ಹುಮನಾಬಾದಿಗೆ ಬರುತ್ತಿದ್ದಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ಶಾಲೆಯಲ್ಲಿ ಬೆಂಚಿಗಾಗಿ ಜಗಳಾಡುವ ಹುಡುಗಿಯರಿಗೆ ಬುದ್ಧಿ ಹೇಳುವವಳು ನಾನು.

ಅಲ್ಲಿಂದ ಮುಂದೆ ಎರಡು ತಿಂಗಳು ನಾನು ಕಾಕಾರ ಜೀವ ತಿಂದೆ, ಅವರು ನನ್ನದನ್ನು ತಿಂದರು. ನಾನು ದಿನಕ್ಕೊಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆ. ಅವರು ನನ್ನ ಪಾಠದ ನಡುವೆ ಫೋನ್ ಮಾಡಿ, ನಾಗಪುರದ ಫೋಟೋದಲ್ಲಿ ಅವ್ವ ಉಟ್ಟ ಸೀರೆಯ ಬಣ್ಣ ಯಾವುದಿತ್ತು ಎಂದು ಕೇಳುತ್ತಿದ್ದರು. ಒಂದು ಫೋಟೋವನ್ನು ಜೋಳದ ಕಾಳಿನಷ್ಟು ಸರಿಸುವುದು, ಎದ್ದು ಹೊರಗೆ ಹೋಗಿ ರಸ್ತೆ ನೋಡಿ ಬರುವುದು, ಮತ್ತೆ ಅಷ್ಟೇ ಹಿಂದಕ್ಕೆ ಸರಿಸುವುದು. ಹೊಂದಿಕೆ ಆಗದಿದ್ದರೆ ಊಟ ಸೇರುವುದಿಲ್ಲ ಅನ್ನುತ್ತಿದ್ದರು. ಕಂಪ್ಯೂಟರನ್ನು ಅವರು ಪೂರ್ತಿ ನಂಬುತ್ತಿರಲಿಲ್ಲ. ಎಲ್ಲ ಫೋಟೋಗಳನ್ನೂ ಸಣ್ಣದಾಗಿ ಪ್ರಿಂಟ್ ತೆಗೆದು, ಶಾಲೆಯ ನೋಟುಬುಕ್ಕಿನಲ್ಲಿ ಅಂಟಿಸಿ ಒಂದು ಕಚ್ಚಾ ಪುಸ್ತಕ ಮಾಡಿಕೊಂಡು ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು. ನೋಡುವವರಿಗೆ ತಲೆ ಕೆಟ್ಟವರ ಆಟದಂತೆ ಕಾಣಬೇಕು.

ಒಮ್ಮೆ ಹೋದಾಗ ಅಂಗಡಿಗೆ ಬೀಗ. ಗಿರಣಿಯವರನ್ನು ಕೇಳಿದರೆ ಕೊಡಂಬಲಕ್ಕೆ ಹೋಗಿದ್ದಾರೆ ಅಂದರು. ಅಷ್ಟು ದೂರ ಬಂದದ್ದು ದಂಡವಾಯಿತು ಎಂದು ನನಗೆ ಮೈಯೆಲ್ಲ ಉರಿಯಿತು. ಆಮೇಲೆ ತಿಳಿದದ್ದು ಇಷ್ಟು: ಅಲ್ಲಿಂದ ಒಬ್ಬ ಕೂಲಿ ಹೆಂಗಸು ತೀರಿಹೋದ ಗಂಡನ ಪುಸ್ತಕ ಮಾಡಿಸಲು ಬಂದಿದ್ದಳು, ಅವಳ ಹತ್ತಿರ ಇದ್ದದ್ದು ಅವನ ಗುರುತಿನ ಚೀಟಿಯ ಫೋಟೋ ಒಂದೇ. ಒಂದರಲ್ಲಿ ಪುಸ್ತಕ ಆಗುವುದಿಲ್ಲ ಎಂದು ಹೇಳಿ ಕಳಿಸಿದ ಕಾಕಾರಿಗೆ ಎರಡು ದಿನ ನಿದ್ದೆ ಬರಲಿಲ್ಲ. ಬಿಟ್ಟಿದ್ದ ಕ್ಯಾಮೆರಾ ಹುಡುಕಿ ತೆಗೆದು, ಬಸ್ಸು ಹತ್ತಿ ಹೋಗಿ, ಅವನ ಸೈಕಲ್ಲು, ಕುಡುಗೋಲು, ಅವನು ಕೂರುತ್ತಿದ್ದ ಕಟ್ಟೆ, ಅವನು ನೆಟ್ಟ ಬೇವು ಎಲ್ಲದರ ಫೋಟೋ ತೆಗೆದುಕೊಂಡು ಬಂದರು. ಎಂಟು ಹಾಳೆಯ ಪುಸ್ತಕವಾಯಿತು. ನನಗೆ ಅದನ್ನು ತೋರಿಸುವಾಗಲೂ ಅವರ ಕಾಲು ನಿಂತಿರಲಿಲ್ಲ.

ನನ್ನ ಪುಸ್ತಕಕ್ಕೆ ಒಂದೇ ಒಂದು ತೊಡಕು ಉಳಿದಿತ್ತು. ಅವ್ವನ ಮಂದಿಯಲ್ಲಿ ಮೊಮ್ಮಗ ಇರಲೇಬೇಕು, ಆದರೆ ಚೀಲದಲ್ಲಿ ಅವನ ಫೋಟೋ ಇರಲಿಲ್ಲ. ಈಗಿನ ಮಕ್ಕಳ ಫೋಟೋ ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಬೆಳೆಯುತ್ತವೆ. ನನ್ನ ಹತ್ತಿರ ಮಾತ್ರ ಅವನದು ಇನ್ನೂರಕ್ಕೂ ಹೆಚ್ಚಿದ್ದವು. ವೈನಿ ವಾಟ್ಸಾಪಿನ ಸ್ಟೇಟಸ್ಸಿನಲ್ಲಿ ಹಾಕಿದ್ದನ್ನೆಲ್ಲ ನಾನು ಮೂರು ವರ್ಷ ಒಂದೂ ಬಿಡದೆ ಸ್ಕ್ರೀನ್‌ಶಾಟ್ ಹೊಡೆದು ಇಟ್ಟುಕೊಂಡಿದ್ದೆ. ಅವನ ಮೊದಲ ಹಲ್ಲು, ಮೊದಲ ಚಪ್ಪಲಿ, ಬೋಳಿಸಿದ ತಲೆ, ಎಲ್ಲ ನನಗೆ ಗೊತ್ತು. ಅವನನ್ನು ಎತ್ತಿಕೊಂಡದ್ದು ಮಾತ್ರ ಇಲ್ಲ. ಅದರಲ್ಲೊಂದು, ಅಣ್ಣನ ತೊಡೆಯ ಮೇಲೆ ಕೂತು ಪಕ್ಕಕ್ಕೆ ತಿರುಗಿದ್ದು, ಅಂಗಡಿಯಲ್ಲೇ ಕೂತು ಕಾಕಾರ ಫೋನಿಗೆ ಕಳಿಸಿದೆ. ಅವರು ಫೋಟೋದ ಮೇಲಂಚನ್ನು ದೊಡ್ಡದು ಮಾಡಿ ನೋಡಿದರು. ಅಲ್ಲಿ ವೈನಿಯ ಹೆಸರು, ಪಕ್ಕದಲ್ಲಿ ಸ್ಟೇಟಸ್ ಹಾಕಿದ ಹೊತ್ತು, ಎಲ್ಲ ಉಳಿದುಕೊಂಡಿತ್ತು. ಸ್ವಂತ ಅಣ್ಣನ ಮಗನ ಫೋಟೋವನ್ನು ಯಾರಾದರೂ ಹೀಗೆ ಕದ್ದು ತೆಗೆಯುತ್ತಾರೆಯೇ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಮೇಲಂಚು ಕತ್ತರಿಸಿ, "ಕಿವಿ ಛಲೋ ಬಂದದ" ಅಂದರು.

ಕೊನೆಗೆ ಕಚ್ಚಾ ಪುಸ್ತಕ ನನ್ನ ಮುಂದೆ ಇಟ್ಟ ದಿನ ನಾನು ಅರ್ಧ ಎದ್ದೇ ನಿಂತಿದ್ದೆ. ಹುಮನಾಬಾದಿನ ಬಸ್ಸಿಗೆ ಹೊತ್ತಾಗಿತ್ತು. ಪುಟಗಳನ್ನು ನೋಟು ಎಣಿಸಿದ ಹಾಗೆ ಸರಸರ ತಿರುವಿದೆ. ನನ್ನ ಫೋಟೋ ಯಾವುದು ಹಾಕಿದ್ದಾರೆ ಎಂಬುದೊಂದು ಕಣ್ಣಿಗೆ ಬಿತ್ತು. ಶಾಲೆಯ ನಾಟಕದಲ್ಲಿ ಮಾತು ಮರೆತ ಹುಡುಗಿಗೆ ಪರದೆಯ ಮರೆಯಿಂದ ಬಾಗಿ ಹೇಳಿಕೊಡುತ್ತಿದ್ದಾಗ ಯಾರೋ ತೆಗೆದದ್ದು. ಬಾಯಿ ಅರ್ಧ ತೆರೆದಿದೆ, ಪರದೆಯನ್ನೂ ಹುಡುಗಿಯನ್ನೂ ಕಾಕಾ ತೆಗೆದುಹಾಕಿದ್ದರು. ಇಷ್ಟು ಫೋಟೋ ಇರಲು ಇದೇ ಬೇಕಿತ್ತೇ ಎಂದು ಕೇಳಿದೆ. ಇದರಲ್ಲಿ ನೀವು ಖರೆ ಇದ್ದೀರಿ ಅಂದರು. ಪುಸ್ತಕ ಬರೋಬ್ಬರಿ ನೋಡಿದಿರಾ ಎಂದು ಎರಡು ಸಲ ಕೇಳಿದರು. ಎರಡು ಸಲವೂ ನೋಡಿದೆ ಅಂದೆ, ಪ್ರಿಂಟಿಗೆ ಕಳಿಸಿ ಎಂದು ಚಪ್ಪಲಿ ಮೆಟ್ಟಿದೆ.

ಪುಸ್ತಕ ಬಂದ ದಿನ ಅಂಗಡಿಯಲ್ಲೇ ನಿಂತು ತೆರೆದೆ. ರಟ್ಟಿನ ಮೇಲೆ ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಟವೆಲ್ ಸುತ್ತಿದ ಅಪ್ಪನಿಗೆ ಎರಡು ಪುಟ ಬಿಟ್ಟಿದ್ದರು, ತೊಗರಿಯ ಕಾಳು ಕಾಳೂ ಕಾಣುತ್ತಿತ್ತು. ಹಿಗ್ಗಿನಿಂದ ಮುಂದೆ ಹೋದೆ. ಕೊನೆಯ ಪುಟಗಳಿಗೆ ಬಂದೆ. ಎಡಗಡೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಣ್ಣ, ಬಲಗಡೆ ನಾನು. ಎದುರುಬದುರು.

ನಾನು ದನಿ ಏರಿಸಿದೆ. ಮನ್ನಾಏಖೇಳ್ಳಿಯ ಕತೆ ನನಗೆ ಹೇಳಿದವರು ನೀವೇ, ಈಗ ನೀವೇ ಹೀಗೆ ಮಾಡಿದಿರಿ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಅಂದೆ. ಕಾಕಾ ಎದ್ದು ನಿಂತರು. ಕೈಯಲ್ಲಿದ್ದ ಪಂಚೆಯ ತುಂಡನ್ನು ಮಡಚಿದರು, ಬಿಚ್ಚಿದರು.

"ಕೇಳಿದ್ನಲ್ರಿ ಅಕ್ಕೋರ. ಮಾತಿಲ್ಲದವರು ಯಾರೂ ಇಲ್ಲಂತ ನೀವ ಹೇಳೀರಿ."

ನನ್ನ ಸುಳ್ಳು ನನಗೇ ತಿರುಗಿ ಬಂದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ಅವರು ಮೆಲ್ಲಗೆ, ಪುಸ್ತಕ ನಿಮ್ಮ ಅವ್ವನದು, ಅವರಿಗೆ ತೋರಿಸಿ, ಅವರು ಬೇಡ ಅಂದರೆ ವಾಪಸು ತನ್ನಿ, ಬೇರೆ ಮಾಡಿಸಿ ಕೊಡುತ್ತೇನೆ ಅಂದರು. ನಾನು ಪುಸ್ತಕ ಚೀಲಕ್ಕೆ ತುರುಕಿ ಮೆಟ್ಟಿಲಿಳಿದೆ. ಇಳಿಯುವಾಗ ತಿರುಗಿ, "ಇದರಿಂದ ನಮ್ಮ ಮನ್ಯಾಗ ಏನರೆ ಹೆಚ್ಚುಕಮ್ಮಿ ಆದ್ರ ಅದು ನಿಮ್ಮ ತಲಿ ಮ್ಯಾಲ ಕಾಕಾ" ಅಂದೆ. ಅವರ ಮುಖ ಹೇಗಾಯಿತೋ ನೋಡಲಿಲ್ಲ. ನೋಡುವ ವ್ಯವಧಾನ ನನಗೆಲ್ಲಿತ್ತು.

ಬಸ್ಸಿನಲ್ಲಿ ಕೂತು ಮತ್ತೆ ಆ ಪುಟ ತೆರೆದೆ. ಬ್ಲೇಡಿನಿಂದ ಕೊಯ್ದರೆ ಹೇಗೆ ಎಂದು ಬೆರಳು ಆಡಿಸಿ ನೋಡಿದೆ. ಮುಚ್ಚುವಾಗ ಬಸ್ಸು ರಸ್ತೆಯ ಹಂಪಿನ ಮೇಲೆ ಜಿಗಿಯಿತು, ಪುಸ್ತಕ ಪೂರ್ತಿ ಮುಚ್ಚದೆ ಕೈಯಲ್ಲಿ ಅರ್ಧಕ್ಕೆ ನಿಂತಿತು. ಬಲಗಡೆಯ ನಾನು ಎಡಗಡೆಯವರ ಮೇಲೆ ಬಾಗುತ್ತಿದ್ದೆ. ಅಣ್ಣನ ಮುಖದ ಮೇಲಲ್ಲ. ಅದಕ್ಕಿಂತ ಕೆಳಗೆ. ಇನ್ನಷ್ಟು ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ನನ್ನ ಅರ್ಧ ತೆರೆದ ಬಾಯಿ ಸರಿಯಾಗಿ ಹೋಗಿ ಆ ಕೂಸಿನ ಕಿವಿಯ ಮೇಲೆ ಕೂರುತ್ತಿತ್ತು. ಜೋಳದ ಕಾಳಿನಷ್ಟೂ ಆಚೆ ಈಚೆ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೆ ಏನಾಯಿತು ಎಂದು ಕೇಳಿದಳು. ಕಣ್ಣಿಗೆ ಧೂಳು ಬಿತ್ತು ಅಂದೆ.

ನಾಮಕರಣದ ಕತೆ ಕಾಕಾರಿಗೆ ಹೇಳಿದವರು ಯಾರು? ಬಸ್ಸಿನಿಂದಲೇ ಅವ್ವನಿಗೆ ಫೋನ್ ಹಚ್ಚಿದೆ. ಸಂತೆಗೆ ಹೋದಾಗ ಒಮ್ಮೆ ಅವರ ಅಂಗಡಿಗೆ ಹೋಗಿದ್ದಳಂತೆ, ಅವರು ಚಹಾ ತರಿಸಿ ಕೊಟ್ಟರಂತೆ, ಮಾತಿಗೆ ಮಾತು ಬಂದು ಎಲ್ಲ ಹೇಳಿದಳಂತೆ. ಹೇಳಿದರೆ ಏನಾಯಿತೀಗ ಎಂದು ನನ್ನನ್ನೇ ಕೇಳಿದಳು. ಪುಸ್ತಕ ಬಂದಿದೆ, ಈ ವಾರ ಸಂತೆಗೆ ಬಂದು ತೆಗೆದುಕೊಂಡು ಹೋಗು ಅಂದೆ. ಅಷ್ಟು ದೊಡ್ಡ ಪುಸ್ತಕ ಹೊರಲು ತನ್ನಿಂದ ಆಗುವುದಿಲ್ಲ, ಮನೆಗೇ ತಂದು ಕೊಡು ಅಂದಳು. ಈಗಲೂ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುವವಳು.

ಮೂರು ದಿನ ಮನೆಯಲ್ಲೇ ಪುಸ್ತಕ ಇಟ್ಟುಕೊಂಡು ಒದ್ದಾಡಿದೆ. ನಾಲ್ಕನೆಯ ದಿನ ರಜೆ ಹಾಕಿ ಮೋರಖಂಡಿಗೆ ಹೋದೆ. ಅಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದವನು ನನ್ನನ್ನು ನೋಡಿ, ತಲೆ ತಗ್ಗಿಸಿ ಹೊಸೆಯುತ್ತಲೇ ಇದ್ದ. ವೈನಿ ನೀರು ತಂದು ಕೊಟ್ಟಳು. ಅವ್ವ ಕಟ್ಟೆಯ ಮೇಲೆ ಕೂತು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. ಟವೆಲ್ ಸುತ್ತಿದ ಅಪ್ಪನ ಪುಟದಲ್ಲಿ ಬಹಳ ಹೊತ್ತು ನಿಂತಳು, ಆ ಮುಖವನ್ನು ಬೈದಳು, ಮುಂದೆ ಹೋದಳು. ಮೊಮ್ಮಗ ಅವಳ ಹೆಗಲಿಗೆ ಜೋತುಬಿದ್ದು ಪ್ರತಿ ಪುಟಕ್ಕೂ ಇವರು ಯಾರು ಎಂದು ಕೇಳುತ್ತಿದ್ದ. ಕೊನೆಯ ಪುಟ ಬಂತು. ತನ್ನನ್ನು ಗುರುತು ಹಿಡಿದ, ಅಪ್ಪನನ್ನು ಗುರುತು ಹಿಡಿದ. ಬಲಗಡೆಯ ಪುಟದ ಮೇಲೆ ಬೆರಳಿಟ್ಟು, ಇದು ಯಾರು ಎಂದು ಕೇಳಿದ. ನಾನು ಅವನಿಂದ ಎರಡು ಮಾರು ದೂರದಲ್ಲಿ ಕೂತಿದ್ದೆ. ಅವ್ವ ಉತ್ತರ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ. ಹುಡುಗ ಅಪ್ಪನ ಕಡೆ ತಿರುಗಿ ಮತ್ತೆ ಕೇಳಿದ.

ಅಣ್ಣ ಹಗ್ಗ ಕೆಳಗಿಟ್ಟ.

"ನಿಮ್ಮ ಅತ್ತಿ," ಅಂದ. ಕೈಗೆ ಹತ್ತಿದ ನಾರು ಕೊಡವುತ್ತ, "ನಿನಗ ಹೆಸರು ಇಡಾಕ ಬಂದಿದ್ಲು. ನಾವ ನಿಲ್ಲಲಿಲ್ಲ" ಅಂದ.

ಮಗನಿಗೆ ಹೇಳಿದ್ದು, ನನ್ನ ಕಡೆ ನೋಡಲಿಲ್ಲ. ಮೂರು ವರ್ಷ ನಾನು ಮನಸ್ಸಿನಲ್ಲೇ ಅವನಿಂದ ಎಷ್ಟೋ ಕ್ಷಮೆ ಕೇಳಿಸಿಕೊಂಡಿದ್ದೆ, ದೊಡ್ಡ ದೊಡ್ಡ ಮಾತಿನಲ್ಲಿ. ಈ ಎರಡು ಮಾತಿನ ಮುಂದೆ ಅವೆಲ್ಲ ಎಲ್ಲಿ ಹೋದವೋ. ಹುಡುಗನನ್ನು ಹತ್ತಿರ ಕರೆದೆ. ಬಂದ. ಅವನ ಕಿವಿಗೆ ಬಾಯಿ ಇಟ್ಟು ಅವನ ಹೆಸರನ್ನು ಹೇಳಿದೆ. ಅದು ನನಗೆ ಗೊತ್ತಿದೆ ಎಂದ ಅವನು. ಅಷ್ಟರಲ್ಲಿ ಹಿಂದಿನಿಂದ ನನ್ನ ಬೆನ್ನಿಗೊಂದು ಗುದ್ದು ಬಿತ್ತು. ಅವ್ವನದು. ಮೇವಿನ ಹೊರೆ ಹೊರುವ ಕೈ, ಉಸಿರು ಸಿಕ್ಕಿಕೊಂಡಿತು. ಆಮೇಲೆ ವೈನಿಯೂ ಗುದ್ದಿದಳು. ಹುಡುಗನಿಗೆ ಇದು ಭಾರೀ ಆಟ ಅನ್ನಿಸಿ ಅವನೂ ಶುರು ಮಾಡಿದ. ಅವತ್ತು ಅಣ್ಣನ ಪಕ್ಕದಲ್ಲಿ ಕೂತು ಉಂಡೆ.

ಅದೇ ದಿನ ಕಾಕಾರಿಗೆ ಫೋನ್ ಮಾಡಬೇಕಿತ್ತು. ಮಾಡಬೇಕೆಂದು ತೆಗೆದೆ ಕೂಡ. ಫೋನಿನಲ್ಲಿ ಹೇಳುವ ಮಾತಲ್ಲ, ಆಡಿದ ಮಾತಿಗೆ ಎದುರಿಗೆ ನಿಂತೇ ಕ್ಷಮೆ ಕೇಳಬೇಕು ಎಂದು ಮತ್ತೆ ಒಳಗಿಟ್ಟೆ. ಮುಂದಿನ ಶನಿವಾರ ಹೋದರಾಯಿತು ಎಂದುಕೊಂಡೆ. ಆ ಶನಿವಾರ ಪರೀಕ್ಷೆಯ ಕೆಲಸ ಬಂತು. ಅದರ ಮುಂದಿನದಕ್ಕೆ ಮೋರಖಂಡಿಗೆ ಹೋದೆ, ಹುಡುಗ ಬಾ ಅಂದಿದ್ದ. ಆಮೇಲಿನವೂ ಹಾಗೇ ಹೋದವು. ದಿನಕ್ಕೊಮ್ಮೆ ಫೋನ್ ಮಾಡಿ ಜೀವ ತಿಂದವಳು ಎರಡು ತಿಂಗಳು ಒಂದು ಸಲವೂ ಮಾಡಲಿಲ್ಲ. ಸುಖ ಬಂದಾಗ ಮನುಷ್ಯನಿಗೆ ಅವಸರ ಇರುವುದಿಲ್ಲ, ನನ್ನಂಥವಳಿಗೂ ಕೂಡ.

ಕೊನೆಗೆ ಹೋದಾಗ ಶಟರ್ ಇಳಿದಿತ್ತು. ಮತ್ತೆ ಯಾವುದೋ ಊರಿಗೆ ಕ್ಯಾಮೆರಾ ಹೊತ್ತು ಹೋಗಿರಬೇಕು ಎಂದುಕೊಂಡೆ. ಗಿರಣಿಯವರು ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಹೊರಗೆ ಬಂದರು. ಇಪ್ಪತ್ತು ದಿನದ ಹಿಂದೆ ಎದೆನೋವು ಬಂದು, ಕಲಬುರಗಿಗೆ ಒಯ್ಯುವ ದಾರಿಯಲ್ಲೇ ಹೋದರು ಅಂದರು.

ಮನೆ ಹುಡುಕಿಕೊಂಡು ಹೋದೆ. ಕಾಕಿಯನ್ನು ನಾನು ಅದೇ ಮೊದಲು ನೋಡಿದ್ದು. ಹುಮನಾಬಾದಿನವಳು, ಟೀಚರ್ ಎಂದ ಕೂಡಲೇ ಅವರು ಕೂತಲ್ಲಿಂದ ನೆಟ್ಟಗಾದರು. ಕಾಕಾ ದಿನಾ ನನ್ನ ಮಾತು ತೆಗೆಯುತ್ತಿದ್ದರಂತೆ. ಅಕ್ಕೋರ ಫೋನ್ ಬಂತೇನು ಎಂದು ಮನೆಗೆ ಬಂದ ಕೂಡಲೇ ಕೇಳುತ್ತಿದ್ದರಂತೆ, ಅವರ ಫೋನ್ ಅವರ ಕಿಸೆಯಲ್ಲೇ ಇರುತ್ತಿದ್ದರೂ. ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದರಂತೆ. ನೀವೇ ಒಂದು ಮಾತು ಕೇಳಿಬಿಡಿ ಎಂದು ಕಾಕಿ ಹೇಳಿದರೆ ಫೋನ್ ತೆಗೆಯುವರು, ನೋಡುವರು, ಅಕ್ಕೋರು ಸಿಟ್ಟಿನಲ್ಲಿ ಹೋಗಿದ್ದಾರೆ, ಅವರಾಗೇ ಮಾಡಲಿ ಎಂದು ಇಟ್ಟುಬಿಡುವರು.

"ಒಂದು ಮನಿ ಕೂಡಸ್ತೀನಂತ ಹೋಗಿ ಕೆಡಿಸಿಬಿಟ್ನೇನೋ ಅಂತಿದ್ರಿ," ಅಂದರು ಕಾಕಿ. "ಏನಾತ್ರಿ ಅಕ್ಕೋರ ಕಡೀಕ?"

ನಾನು ಎಲ್ಲವನ್ನೂ ಹೇಳಿದೆ. ಹುಡುಗ ಪುಟದ ಮೇಲೆ ಬೆರಳಿಟ್ಟದ್ದು, ಅಣ್ಣ ಅಂದ ಎರಡು ಮಾತು, ಅವ್ವನ ಗುದ್ದು. ಕಾಕಾರ ಮುಂದೆ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆನೋ ಹಾಗೆಯೇ, ಒಂದೂ ಬಿಡದೆ. ಮುಗಿದ ಮೇಲೆ ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಒಂದು ಫೋನ್ ಮಾಡಬೇಕಿತ್ರಿ," ಅಂದರು.

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಹೌದ್ರಿ ಕಾಕಿ, ಮಾಡಬೇಕಿತ್ತು ಅಂದೆ. ಅವರು ಚಹಾ ಮಾಡಲು ಎದ್ದು ಒಳಗೆ ಹೋದರು, ನಾನು ಅಲ್ಲೇ ಕೂತೆ.